ಜಾನ್ ಬೌಲ್ಬಿ: ತಾಯಂದಿರಿಗೆ ಬುದ್ಧಿ ಹೇಳೋಕೆ ಬಳಸಿಕೊಂಡರು, ಸರ್ಕಾರಕ್ಕೆ ಹೇಳಿದ್ದನ್ನು ಮರೆತರು

ಲಂಡನ್ನಿನ ಆ ಮನೆಯ ಮಕ್ಕಳಿಗೆ ಅಮ್ಮ ಸಿಗ್ತಿದ್ದದ್ದು ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆ, ಸಂಜೆ ಚಹಾ ಮುಗಿದ ಮೇಲೆ. ಉಳಿದ ಹೊತ್ತೆಲ್ಲ ಆಯಾಗಳ ಕೈಯಲ್ಲಿ. ಇದಕ್ಕೆ ಬಡತನ ಕಾರಣವಲ್ಲ. ಅಪ್ಪ ಸರ್ ಆಂಥೋನಿ ಬೌಲ್ಬಿ ರಾಜಮನೆತನಕ್ಕೆ ಚಿಕಿತ್ಸೆ ಕೊಡ್ತಿದ್ದ ದೊಡ್ಡ ಶಸ್ತ್ರವೈದ್ಯ. ಅತಿಯಾಗಿ ಮುದ್ದು ಮಾಡಿದರೆ ಮಕ್ಕಳು ಕೆಡ್ತಾರೆ ಅನ್ನೋದು ಆ ಕಾಲದ ಇಂಗ್ಲೆಂಡಿನ ಮೇಲ್ವರ್ಗದ ನಂಬಿಕೆಯಾಗಿತ್ತು.

1907ರ ಫೆಬ್ರವರಿ 26ರಂದು ಹುಟ್ಟಿದ ಜಾನ್, ಆರು ಮಕ್ಕಳಲ್ಲಿ ನಾಲ್ಕನೆಯವನು. ಅವನನ್ನು ನಿಜವಾಗಿ ಎತ್ತಿ ಆಡಿಸಿದವಳು ಮಿನ್ನಿ ಅನ್ನೋ ಆಯಾ. ಅವನಿಗೆ ನಾಲ್ಕು ವರ್ಷ ಆಗೋ ಹೊತ್ತಿಗೆ ಅವಳು ಕೆಲಸ ಬಿಟ್ಟು ಹೋದಳು. ದೊಡ್ಡವರ ಲೆಕ್ಕದಲ್ಲಿ ಒಬ್ಬ ಕೆಲಸದವಳು ಹೋದಳು, ಅಷ್ಟೇ. ಹುಡುಗನ ಪಾಲಿಗೆ ಅದು ಅಮ್ಮನನ್ನೇ ಕಳಕೊಂಡ ಹಾಗಿತ್ತು. ಏಳನೇ ವಯಸ್ಸಿಗೆ ಮೊದಲ ಮಹಾಯುದ್ಧ ಶುರುವಾಗಿ ಅಪ್ಪನೂ ದೂರವಾದರು. ಹತ್ತು-ಹನ್ನೊಂದರ ವಯಸ್ಸಿಗೆ ಬೋರ್ಡಿಂಗ್ ಶಾಲೆ, ಆಮೇಲೆ ಡಾರ್ಟ್‌ಮೌತ್‌ನ ನೌಕಾ ಕಾಲೇಜು.

ಇನ್‌ಸ್ಟಾಗ್ರಾಂನಲ್ಲಿ ಯಾರಾದರೂ ತಮ್ಮ 'ಅಟ್ಯಾಚ್‌ಮೆಂಟ್ ಸ್ಟೈಲ್' ಬಗ್ಗೆ ಮಾತಾಡೋದನ್ನು ನೀವು ಕೇಳಿರ್ತೀರಿ. ಆ ಮಾತಿನ ಬೇರು ಇರೋದು ಈ ಹುಡುಗನಲ್ಲಿ. ಮೊದಲ ವರ್ಷಗಳಲ್ಲಿ ಮಗುವಿಗೆ ನೆಚ್ಚಿಕೊಳ್ಳೋಕೆ ಒಬ್ಬರು ಸಿಕ್ಕರೆ ಅದರ ಒಳಗೆ ಎಂಥ ಭದ್ರತೆ ಬೆಳೆಯುತ್ತೆ, ಸಿಗದಿದ್ದರೆ ಏನಾಗುತ್ತೆ ಅಂತ ಜೀವನಪೂರ್ತಿ ಹುಡುಕಿದವರು ಜಾನ್ ಬೌಲ್ಬಿ. ಹೆಣ್ಣುಮಕ್ಕಳು ಕೆಲಸ ಬಿಟ್ಟು ಮನೆಯಲ್ಲಿರಬೇಕು ಅನ್ನೋ ವಾದಕ್ಕೂ ಇವರ ಹೆಸರೇ ಬಳಕೆಯಾಯ್ತು. ಆದರೆ ಅವರ ಬದುಕನ್ನು ಪೂರ್ತಿ ನೋಡಿದರೆ ಬೇರೆಯದೇ ರಾಜಕೀಯ ಕಾಣುತ್ತೆ.

ನೌಕಾಪಡೆ ಬಿಟ್ಟು ಮಕ್ಕಳ ಕಡೆಗೆ

ನೌಕಾಪಡೆ ಬೌಲ್ಬಿಗೆ ಒಗ್ಗಲಿಲ್ಲ. ಅದನ್ನು ಬಿಟ್ಟು ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜು ಸೇರಿದರು. ಓದು ಮುಗಿದ ಮೇಲೆ, ಬೇರೆ ಶಾಲೆಗಳಲ್ಲಿ ನಿಭಾಯಿಸೋಕೆ ಆಗದ ಮಕ್ಕಳಿಗಾಗಿ ನಡೆಯುತ್ತಿದ್ದ ಒಂದು ಶಾಲೆಯಲ್ಲಿ ಕೆಲವು ತಿಂಗಳು ಕೆಲಸ ಮಾಡಿದರು. ಯಾರ ಜೊತೆಗೂ ಬೆರೆಯದ, ಕಳ್ಳತನ ಮಾಡಿ ಹಿಂದಿನ ಶಾಲೆಯಿಂದ ಹೊರಬಿದ್ದಿದ್ದ ಹುಡುಗನೊಬ್ಬ ಅಲ್ಲಿದ್ದ. ಅವನಿಗೆ ಚಿಕ್ಕಂದಿನಿಂದ ಅಮ್ಮ ಅಂತ ಸ್ಥಿರವಾಗಿ ಯಾರೂ ಇರಲಿಲ್ಲ. ಮಗುವಿನ ಈಗಿನ ನಡತೆಗೂ ಹಿಂದಿನ ಬದುಕಿಗೂ ನಂಟಿದೆ ಅನ್ನೋದು ಬೌಲ್ಬಿಗೆ ಹೊಳೆದದ್ದು ಅಲ್ಲಿ. ಲಂಡನ್ನಿಗೆ ಬಂದು ವೈದ್ಯಕೀಯ ಓದಿದರು, ಜೊತೆಗೆ ಮನೋವಿಶ್ಲೇಷಣೆಯ ತರಬೇತಿಯನ್ನೂ ಪಡೆದರು.

ಅವರ ಆಪ್ತ ಗೆಳೆಯ ಇವಾನ್ ಡರ್ಬಿನ್ ಅರ್ಥಶಾಸ್ತ್ರಜ್ಞ, ಮುಂದೆ ಲೇಬರ್ ಪಕ್ಷದ ಸಂಸದ. ಮನುಷ್ಯನ ಆಕ್ರಮಣಶೀಲತೆ ಮತ್ತು ಯುದ್ಧದ ಬಗ್ಗೆ ಇಬ್ಬರೂ ಸೇರಿ ಬರೆದ ಪುಸ್ತಕ 1939ರಲ್ಲಿ ಬಂತು. ಬೌಲ್ಬಿಯ ಒಲವೂ ಎಡಕ್ಕೇ ಇತ್ತು. ಒಳ್ಳೆಯ ಸಮಾಜ ಕಟ್ಟೋಕೆ ಸಂಬಳ, ಮನೆ, ಆಸ್ಪತ್ರೆ ಎಷ್ಟು ಮುಖ್ಯವೋ ಮಗು ಬೆಳೆಯೋ ರೀತಿಯೂ ಅಷ್ಟೇ ಮುಖ್ಯ ಅನ್ನೋ ನಂಬಿಕೆ ಈ ಗೆಳೆತನದಲ್ಲಿ ಗಟ್ಟಿಯಾಯ್ತು. 1948ರಲ್ಲಿ ಕಾರ್ನ್‌ವಾಲ್ ಕಡಲಲ್ಲಿ ಮುಳುಗುತ್ತಿದ್ದ ಮಕ್ಕಳನ್ನು ಉಳಿಸಲು ಹೋಗಿ ಡರ್ಬಿನ್ ತಾವೇ ತೀರಿಕೊಂಡರು.

ಮನೋವಿಶ್ಲೇಷಣೆಯಲ್ಲಿ ಬೌಲ್ಬಿಯ ಮೇಲ್ವಿಚಾರಕರಲ್ಲಿ ಒಬ್ಬರು ಹೆಸರಾಂತ ಮೆಲನಿ ಕ್ಲೈನ್. ಮಗುವಿನ ತೊಂದರೆಗೆ ಅದರ ಒಳಗಿನ ಕಲ್ಪನೆಗಳೇ ಮೂಲ ಅನ್ನೋದು ಕ್ಲೈನ್ ಪಂಥ. ಬೌಲ್ಬಿ ಆಗ ಮೂರು ವರ್ಷದ ಒಬ್ಬ ಹುಡುಗನಿಗೆ ಚಿಕಿತ್ಸೆ ಕೊಡ್ತಿದ್ದರು. ಅವನ ಅಮ್ಮ ಹೊರಗಿನ ಬೆಂಚಿನ ಮೇಲೆ ಆತಂಕದಲ್ಲಿ ಕೂತಿರ್ತಿದ್ದಳು. ಅವಳ ಜೊತೆ ಮಾತಾಡಬಾರದು ಅಂತ ಕ್ಲೈನ್ ತಾಕೀತು ಮಾಡಿದ್ದರು. ಕೆಲವೇ ತಿಂಗಳಲ್ಲಿ ಆ ತಾಯಿ ಮಾನಸಿಕ ಆಸ್ಪತ್ರೆ ಸೇರಿದಳು. ಮಗುವಿನ ಚಿಕಿತ್ಸೆ ನಿಂತುಹೋಯ್ತಲ್ಲ ಅನ್ನೋದೇ ಕ್ಲೈನ್‌ಗೆ ಕಿರಿಕಿರಿ. ಬೌಲ್ಬಿಗೆ ಇದು ಅರಗಲಿಲ್ಲ. ಬೆಂಚಿನ ಮೇಲೆ ಕೂತಿದ್ದವಳನ್ನು ಬಿಟ್ಟು ಮಗುವನ್ನು ಹೇಗೆ ಅರ್ಥ ಮಾಡಿಕೊಳ್ಳೋದು?

44 ಕಳ್ಳರು, ಒಂದು ಯುದ್ಧ

ಲಂಡನ್ ಚೈಲ್ಡ್ ಗೈಡೆನ್ಸ್ ಕ್ಲಿನಿಕ್‌ನಲ್ಲಿ ಕೆಲಸ ಮಾಡ್ತಿದ್ದಾಗ ಅವರು ಕಳ್ಳತನದ ಅಭ್ಯಾಸವಿದ್ದ 44 ಮಕ್ಕಳ ಕಥೆ ಕಲೆಹಾಕಿದರು. ಅದೇ ಕ್ಲಿನಿಕ್‌ಗೆ ಬರ್ತಿದ್ದ, ಕಳ್ಳತನ ಮಾಡದ 44 ಮಕ್ಕಳ ಜೊತೆ ಹೋಲಿಸಿದರು. ಕಳ್ಳತನ ಮಾಡ್ತಿದ್ದವರಲ್ಲಿ 17 ಮಕ್ಕಳು ಎಳವೆಯಲ್ಲೇ ಅಮ್ಮನಿಂದ ದೀರ್ಘಕಾಲ ದೂರವಾಗಿದ್ದರು, ಇನ್ನೊಂದು ಗುಂಪಿನಲ್ಲಿ ಅಂಥವರು ಇಬ್ಬರೇ. ಯಾರ ಮೇಲೂ ಪ್ರೀತಿಯೇ ಇಲ್ಲ ಅನ್ನಿಸ್ತಿದ್ದ 14 ಮಕ್ಕಳಲ್ಲಿ 12 ಮಂದಿಯ ಕಥೆ ಇದೇ ಆಗಿತ್ತು. ಈ ಅಧ್ಯಯನ ಅಚ್ಚಾದದ್ದು 1944ರಲ್ಲಿ. ಇಷ್ಟು ಕಡಿಮೆ ಮಕ್ಕಳಿಂದ ಕಾರಣ-ಪರಿಣಾಮ ಸಾಬೀತಾಗಲ್ಲ, ಮಕ್ಕಳನ್ನು ವಿಂಗಡಿಸಿದವರೂ ಸ್ವತಃ ಬೌಲ್ಬಿಯೇ ಅನ್ನೋ ಟೀಕೆ ಆಮೇಲೆ ಬಂತು. ಟೀಕೆ ಸರಿಯಾಗಿಯೇ ಇದೆ. ಆದರೆ ಕದ್ದ ಮಗುವಿಗೆ ಶಿಕ್ಷೆ ಏನು ಅಂತ ಕೇಳ್ತಿದ್ದ ಕಾಲದಲ್ಲಿ, ಆ ಮಗು ಕಳಕೊಂಡದ್ದೇನು ಅಂತ ಕೇಳಿದ್ದು ದೊಡ್ಡ ತಿರುವು.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಅದೇ ಪ್ರಶ್ನೆಯನ್ನು ಇಡೀ ದೇಶದ ಮುಂದೆ ಇಟ್ಟಿತ್ತು. 1939ರ ಸೆಪ್ಟೆಂಬರಿನಲ್ಲಿ ಬಾಂಬ್ ದಾಳಿಯ ಭಯಕ್ಕೆ ಬ್ರಿಟನ್ ಸರ್ಕಾರ ಸುಮಾರು 15 ಲಕ್ಷ ಜನರನ್ನು ನಗರಗಳಿಂದ ಹಳ್ಳಿಗಳಿಗೆ ಸಾಗಿಸಿತು. ಅವರಲ್ಲಿ ಹೆಚ್ಚಿನವರು ಅಪ್ಪ-ಅಮ್ಮನನ್ನು ಬಿಟ್ಟು ಹೋದ ಶಾಲಾಮಕ್ಕಳು. ತೀರಾ ಚಿಕ್ಕ ಮಕ್ಕಳನ್ನು ಹೀಗೆ ಬೇರೆ ಮಾಡಿದರೆ ಅದೂ ಗಾಯವೇ ಅಂತ ಬೌಲ್ಬಿ, ಡೊನಾಲ್ಡ್ ವಿನಿಕಾಟ್ ಮತ್ತು ಎಮ್ಯಾನುಯೆಲ್ ಮಿಲ್ಲರ್ ಆ ವರ್ಷವೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ಗೆ ಪತ್ರ ಬರೆದು ಎಚ್ಚರಿಸಿದರು.

ಸುಮ್ಮನಾದ ಮಗು ಸಮಾಧಾನವಾದ ಮಗುವಲ್ಲ

ಯುದ್ಧ ಮುಗಿದ ಮೇಲೆ ಬೌಲ್ಬಿ ಟ್ಯಾವಿಸ್ಟಾಕ್ ಕ್ಲಿನಿಕ್‌ನ ಮಕ್ಕಳ ವಿಭಾಗದ ಮುಖ್ಯಸ್ಥರಾದರು. ವಿಭಾಗದ ಹೆಸರಿಗೆ ಹೆತ್ತವರನ್ನೂ ಸೇರಿಸಿದರು. ಬೆಂಚಿನ ಮೇಲಿದ್ದ ತಾಯಿ ಹೀಗೆ ಒಳಗೆ ಬಂದಳು ಅಂತ ನಾನು ಓದಿಕೊಳ್ತೀನಿ.

1948ರಲ್ಲಿ ಅವರು ಜೇಮ್ಸ್ ರಾಬರ್ಟ್‌ಸನ್ ಅನ್ನೋರನ್ನು ಕೆಲಸಕ್ಕೆ ತಗೊಂಡರು. ಯುದ್ಧಕಾಲದಲ್ಲಿ ಆನಾ ಫ್ರಾಯ್ಡ್ ನಡೆಸ್ತಿದ್ದ ಶಿಶುಗೃಹದಲ್ಲಿ ಬಾಯ್ಲರ್ ನೋಡಿಕೊಳ್ಳೋ ಕೆಲಸಕ್ಕೆ ಸೇರಿ, ಅಲ್ಲೇ ಮಕ್ಕಳನ್ನು ಗಮನಿಸೋದು ಕಲಿತವರು ರಾಬರ್ಟ್‌ಸನ್. ಆಗಿನ ಆಸ್ಪತ್ರೆಗಳಲ್ಲಿ ಮಕ್ಕಳ ವಾರ್ಡಿಗೆ ಹೆತ್ತವರು ಬರೋದೇ ತೊಂದರೆ ಅನ್ನೋ ಭಾವನೆ ಇತ್ತು. ಎಷ್ಟೋ ಕಡೆ ವಾರಕ್ಕೊಮ್ಮೆ ಮಾತ್ರ ಭೇಟಿ. ಮಗು ಮೊದಲು ಅತ್ತು ರಂಪ ಮಾಡುತ್ತೆ, ಒಂದೆರಡು ದಿನದಲ್ಲಿ ಸುಮ್ಮನಾಗುತ್ತೆ. ಹೊಂದಿಕೊಂಡಿದೆ ಅಂತ ಸಿಬ್ಬಂದಿ ಅಂದುಕೊಳ್ತಿದ್ದರು. ರಾಬರ್ಟ್‌ಸನ್ ಕಂಡದ್ದು ಬೇರೆ: ಮೊದಲು ಪ್ರತಿಭಟನೆ, ಆಮೇಲೆ ಹತಾಶೆ, ಕೊನೆಗೆ ಅಮ್ಮ ಬಂದರೂ ಮುಖ ತಿರುಗಿಸೋ ನಿರ್ಲಿಪ್ತತೆ. 1952ರಲ್ಲಿ ಅವರು ಸಣ್ಣ ಶಸ್ತ್ರಚಿಕಿತ್ಸೆಗೆ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡೂವರೆ ವರ್ಷದ ಹುಡುಗಿಯ ಸಿನಿಮಾ ತೆಗೆದು ವೈದ್ಯರಿಗೆ ತೋರಿಸಿದರು. ಅನೇಕ ವೈದ್ಯರು, ನರ್ಸ್‌ಗಳು ಸಿಟ್ಟಾದರು. ಆದರೆ 1959ರ ಪ್ಲಾಟ್ ಸಮಿತಿ ವರದಿ, ಹೆತ್ತವರ ಭೇಟಿಗೆ ನಿರ್ಬಂಧ ಇರಬಾರದು ಅಂತ ಶಿಫಾರಸು ಮಾಡಿತು. ಬೌಲ್ಬಿ ತಂಡದ ಕೆಲಸದಿಂದ ಜನರ ಬದುಕಿಗೆ ನೇರವಾಗಿ ತಟ್ಟಿದ ದೊಡ್ಡ ಬದಲಾವಣೆ ಇದು.

ಅರ್ಧ ಮಾತ್ರ ಓದಿದ ವರದಿ

ಯುದ್ಧದಲ್ಲಿ ಅನಾಥರಾದ, ಮನೆ ಕಳಕೊಂಡ ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ ವರದಿ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಬೌಲ್ಬಿಯನ್ನು ಕೇಳಿತು. ಯುರೋಪಿನ ಕೆಲವು ದೇಶಗಳು ಮತ್ತು ಅಮೆರಿಕ ಸುತ್ತಿ 1951ರಲ್ಲಿ ವರದಿ ಕೊಟ್ಟರು. ಎರಡು ವರ್ಷದ ಮೇಲೆ ಅದರ ಸಂಕ್ಷಿಪ್ತ ರೂಪ ಅಗ್ಗದ ಪೆಲಿಕನ್ ಪುಸ್ತಕವಾಗಿ ಬಂದು ಲಕ್ಷಗಟ್ಟಲೆ ಪ್ರತಿ ಮಾರಾಟವಾಯ್ತು.

ವರದಿಯ ಒಂದು ಭಾಗ ಎಲ್ಲರಿಗೂ ತಲುಪಿತು: ಎಳೆಯ ಮಗುವಿಗೆ ತಾಯಿಯ ಜೊತೆ, ಇಲ್ಲವೇ ತಾಯಿಯ ಜಾಗದಲ್ಲಿ ಕಾಯಂ ಆಗಿ ನಿಂತವರ ಜೊತೆ, ಬೆಚ್ಚಗಿನ ಮತ್ತು ಬಿಡುವಿಲ್ಲದ ಸಂಬಂಧ ಬೇಕು. ಇಲ್ಲವೇ ಅನ್ನೋ ಪದದ ನಂತರದ್ದು ಬಹಳ ಜನರ ಓದಿನಲ್ಲಿ ಬಿದ್ದುಹೋಯ್ತು. ಇನ್ನೊಂದು ಭಾಗವಂತೂ ಸುದ್ದಿಯೇ ಆಗಲಿಲ್ಲ. ಮಗು ಹೆತ್ತವರನ್ನು ನೆಚ್ಚಿಕೊಂಡ ಹಾಗೆ ಹೆತ್ತವರು ಸಮಾಜವನ್ನು ನೆಚ್ಚಿಕೊಂಡಿರ್ತಾರೆ, ಮಕ್ಕಳು ಬೇಕು ಅನ್ನೋ ಸಮಾಜ ಮೊದಲು ಹೆತ್ತವರನ್ನು ನೋಡಿಕೊಳ್ಳಬೇಕು ಅನ್ನೋದು ಆ ಭಾಗದ ಸಾರ. ಮಗುವನ್ನು ಅನಾಥಾಲಯದಲ್ಲಿ ಸಾಕೋಕೆ ಧಾರಾಳವಾಗಿ ಖರ್ಚು ಮಾಡೋ ಸರ್ಕಾರಗಳು, ಆ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳೋಕೆ ಒಬ್ಬಂಟಿ ತಾಯಿಗೆ ಹಣ ಕೊಡು ಅಂದರೆ ಹಿಂದೆಮುಂದೆ ನೋಡ್ತವೆ ಅಂತ ಅವರು ದೂರಿದ್ದರು.

ಯುದ್ಧ ಮುಗಿದ ಕೂಡಲೇ ಬ್ರಿಟನ್ನಿನಲ್ಲಿ ಯುದ್ಧಕಾಲದ ಶಿಶುವಿಹಾರಗಳನ್ನು ಮುಚ್ಚೋದು ಶುರುವಾಗಿತ್ತು. ಕಾರ್ಖಾನೆಗೆ ಬಂದಿದ್ದ ಹೆಂಗಸರನ್ನು ಮನೆಗೆ ಕಳಿಸಿ, ಗಂಡಸರಿಗೆ ಕೆಲಸ ಬಿಟ್ಟುಕೊಡಬೇಕಿತ್ತು. ಬೌಲ್ಬಿ ವರದಿ ಬಂದದ್ದು ಆಮೇಲೆ, ಆದರೆ ಆ ಏರ್ಪಾಟಿಗೆ ಅದು ಒಳ್ಳೆ ಸಮರ್ಥನೆಯಾಯ್ತು. ತಾಯಿಯ ತಲೆ ಮೇಲೆ ತಪ್ಪಿತಸ್ಥ ಭಾವ ಹೇರಿದ್ದಕ್ಕೆ ಸ್ತ್ರೀವಾದಿಗಳು ಅವರನ್ನು ತರಾಟೆಗೆ ತಗೊಂಡರು. ಅದರಲ್ಲಿ ನ್ಯಾಯ ಇದೆ. ಹೊರಗೆ ದುಡಿಯೋ ತಾಯಂದಿರ ಬಗ್ಗೆ ಬೌಲ್ಬಿ ಅನುಮಾನದಿಂದಲೇ ಬರೆದರು. ಆ ವರದಿಯಲ್ಲಿ ಅಪ್ಪ ಇರೋದು ಹಣ ಮತ್ತು ಧೈರ್ಯ ಕೊಡೋ ಆಸರೆಯಾಗಿ ಮಾತ್ರ. ಅವರ ಸ್ವಂತ ಮನೆಯಲ್ಲೂ ಹಾಗೇ. 1938ರಲ್ಲಿ ಅರ್ಸುಲಾ ಅವರನ್ನು ಮದುವೆಯಾದರು, ನಾಲ್ಕು ಮಕ್ಕಳು. ಮಕ್ಕಳನ್ನು ನೋಡಿಕೊಂಡದ್ದು ಬಹುಪಾಲು ಅರ್ಸುಲಾ. ಯಾವಾಗಲೂ ಕತ್ತಲಾದ ಮೇಲೆ ಮನೆಗೆ ಬರೋ ಅಪ್ಪ ಕಳ್ಳನಾ ಅಂತ ಏಳು ವರ್ಷದ ಮಗ ಕೇಳಿದ್ದನಂತೆ. ಕಳ್ಳತನ ಮಾಡೋ ಮಕ್ಕಳ ಬಗ್ಗೆ ಹೆಸರು ಮಾಡಿದವರ ಮನೆಯಲ್ಲೇ!

ಎಂಜಿನಿಯರ್ ಕಣ್ಣಿಗೆ ಬೌಲ್ಬಿ

ಮಗು ಅಮ್ಮನಿಗೆ ಅಂಟಿಕೊಳ್ಳೋದು ಹಾಲಿಗಾಗಿ ಅನ್ನೋದು ಆಗಿನ ಸಾಮಾನ್ಯ ವಿವರಣೆ. ಬೌಲ್ಬಿ ಪ್ರಾಣಿಗಳ ವರ್ತನೆ ಅಧ್ಯಯನ ಮಾಡೋರ ಜೊತೆ ಸೇರಿ ಇದನ್ನು ಪ್ರಶ್ನಿಸಿದರು. ಅಮೆರಿಕದಲ್ಲಿ ಹ್ಯಾರಿ ಹಾರ್ಲೋ ಮಾಡಿದ ಪ್ರಯೋಗದಲ್ಲಿ ಕೋತಿಮರಿಗಳು ಹಾಲು ಕೊಡೋ ತಂತಿಯ ಬೊಂಬೆಗಿಂತ ಮೆತ್ತನೆ ಬಟ್ಟೆ ಸುತ್ತಿದ ಬೊಂಬೆಯನ್ನೇ ತಬ್ಬಿಕೊಂಡು ಹೆಚ್ಚು ಹೊತ್ತು ಕಳೆದವು.

ಎಂಜಿನಿಯರಿಂಗ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಪೇಪರ್ ಬರೆದ ನನಗೆ, ಬೌಲ್ಬಿಯ 1969ರ 'ಅಟ್ಯಾಚ್‌ಮೆಂಟ್' ಪುಸ್ತಕದಲ್ಲಿ ಥರ್ಮೋಸ್ಟಾಟ್ ಕಂಡು ಆಶ್ಚರ್ಯವಾಯ್ತು. ಅವರ ಪ್ರಕಾರ ಮಗುವಿನೊಳಗೆ ಒಂದು ಫೀಡ್‌ಬ್ಯಾಕ್ ವ್ಯವಸ್ಥೆ ಇದೆ. ಅದು ಅಳೆಯೋದು, ನನ್ನ ಜನ ನನ್ನಿಂದ ಎಷ್ಟು ದೂರ ಇದ್ದಾರೆ ಅನ್ನೋದನ್ನು. ಭಯ, ಸುಸ್ತು, ಜ್ವರ ಇದ್ದಾಗ ಆ ದೂರ ಸೊನ್ನೆಗೆ ಇಳಿಯಬೇಕು, ಅದಕ್ಕೇ ಅಳು, ಅಪ್ಪಿಕೊಳ್ಳೋದು. ಕರೆದರೆ ಬರ್ತಾರೆ ಅಂತ ಖಾತ್ರಿಯಾದರೆ ಮಗು ದೂರ ಹೋಗಿ ಆಡುತ್ತೆ. ಎತ್ತಿಕೊಂಡರೆ ಅಭ್ಯಾಸ ಆಗುತ್ತೆ ಅನ್ನೋ ಮಾತನ್ನು ಈ ಲೆಕ್ಕ ತಲೆಕೆಳಗೆ ಮಾಡುತ್ತೆ.

ಈ ಸಿದ್ಧಾಂತವನ್ನು ನೆಲದ ಮೇಲೆ ನಿಂತು ಪರೀಕ್ಷಿಸಿದವರು ಮೇರಿ ಐನ್ಸ್‌ವರ್ತ್. ಟ್ಯಾವಿಸ್ಟಾಕ್‌ನಲ್ಲಿ ಬೌಲ್ಬಿ ಜೊತೆ ಕೆಲಸ ಮಾಡಿದ್ದ ಅವರು 1954ರ ಹೊತ್ತಿಗೆ ಉಗಾಂಡಾಕ್ಕೆ ಹೋಗಿ, ಕಂಪಾಲಾ ಹತ್ತಿರದ ಹಳ್ಳಿಗಳ 26 ಕುಟುಂಬಗಳ ಕೂಸುಗಳನ್ನು ಮನೆಗೆ ಹೋಗಿ ಹೋಗಿ ಗಮನಿಸಿದರು. ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ, ಅಮ್ಮ ಸ್ವಲ್ಪ ಹೊತ್ತು ಹೊರಗೆ ಹೋಗಿ ವಾಪಸ್ ಬಂದಾಗ ಮಗು ಏನು ಮಾಡುತ್ತೆ ಅಂತ ನೋಡೋ ಪ್ರಯೋಗ ಮಾಡಿದರು. ಇನ್‌ಸ್ಟಾಗ್ರಾಂನ ಆ 'ಸ್ಟೈಲ್'ಗಳು ಹುಟ್ಟಿದ್ದು ಅಲ್ಲಿಂದ.

ಗ್ಲಾಸ್ಗೋದ 60 ಶಿಶುಗಳ ಅಧ್ಯಯನ, 1964ರಲ್ಲಿ, ಮಕ್ಕಳು ಅಪ್ಪ, ಅಜ್ಜ-ಅಜ್ಜಿಯರನ್ನೂ ಹಚ್ಚಿಕೊಳ್ತಾರೆ ಅಂತ ತೋರಿಸಿತು. 1972ರಲ್ಲಿ ಮೈಕೆಲ್ ರಟರ್, ಅಗಲಿಕೆಗಿಂತ ಎಷ್ಟೋ ಸಲ ಮನೆಯೊಳಗಿನ ಜಗಳವೇ ಹೆಚ್ಚು ಹಾನಿ ಮಾಡುತ್ತೆ ಅಂತ ವಾದಿಸಿದರು. ಒಬ್ಬ ತಾಯಿ, ಸದಾ ಮನೆಯಲ್ಲಿ ಅನ್ನೋ ಚಿತ್ರ ಸಡಿಲವಾಯ್ತು. ಮಗುವಿಗೆ ನಂಬಿಕಸ್ಥ ಕೆಲವು ಜನ ಬೇಕು ಅನ್ನೋ ತಿರುಳು ಉಳಿಯಿತು.

ನಮ್ಮ ಬೆಂಚಿನ ಮೇಲೆ ಯಾರಿದ್ದಾರೆ?

ಆ ತಿರುಳನ್ನು ನಮ್ಮಲ್ಲಿಗೆ ತಂದು ನೋಡಿ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ; 50 ಮತ್ತು ಹೆಚ್ಚು ಜನ ದುಡಿಯೋ ಕಡೆ ಶಿಶುಪಾಲನಾ ಕೇಂದ್ರ ಇರಬೇಕು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಕಟ್ಟಡ ಕೆಲಸ, ಮನೆಗೆಲಸ, ಹೊಲದ ಕೂಲಿ ಮಾಡೋ ಹೆಂಗಸರು ಇದರ ಹೊರಗೇ ಉಳಿದಿದ್ದಾರೆ. ರಜೆಯ ಸಂಬಳ ಪೂರ್ತಿ ಮಾಲೀಕ ಕೊಡಬೇಕಾದ್ದರಿಂದ, ಮದುವೆಯಾದ ಹುಡುಗಿಯನ್ನು ಕೆಲಸಕ್ಕೆ ತಗೊಳ್ಳೋಕೆ ಹಿಂಜರಿಕೆ. ಖಾಸಗಿ ವಲಯದ ಅಪ್ಪಂದಿರಿಗೆ ಪಿತೃತ್ವ ರಜೆಯ ಕಾನೂನೇ ಇಲ್ಲ. ಅಂಗನವಾಡಿಯ ಕಲಿಕೆ ಮೂರು ವರ್ಷದ ಮೇಲಿನ ಮಕ್ಕಳಿಗೆ, ಅದಕ್ಕಿಂತ ಚಿಕ್ಕವರಿಗೆ ಸಿಗೋದು ಮುಖ್ಯವಾಗಿ ಪೌಷ್ಟಿಕ ಆಹಾರದ ಪೊಟ್ಟಣ. ಬೌಲ್ಬಿ ಅತಿ ಮುಖ್ಯ ಅಂದ ಆ ಮೂರು ವರ್ಷ ನಮ್ಮ ವ್ಯವಸ್ಥೆಯಲ್ಲಿ ದೊಡ್ಡ ತೂತು. ಅದನ್ನು ತುಂಬೋಕೆ ಕರ್ನಾಟಕ ಸರ್ಕಾರ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ಘೋಷಿಸಿತು. ಇಂಥ ಯೋಜನೆಯನ್ನು ಅಳೆಯುವಾಗ ಎಷ್ಟು ಕೇಂದ್ರ ತೆರೆದರು ಅಂತಷ್ಟೇ ಕೇಳಿದರೆ ಸಾಲದು. ಅಲ್ಲಿ ಕೂಸನ್ನು ಎತ್ತಿಕೊಳ್ಳೋ ಹೆಂಗಸು ಮುಂದಿನ ವರ್ಷವೂ ಅಲ್ಲೇ ಇರ್ತಾಳಾ, ಇರುವಷ್ಟು ಸಂಬಳ ಅವಳಿಗೆ ಸಿಗುತ್ತಾ ಅಂತ ಕೇಳಬೇಕು. ಆಯಾ ಬಿಟ್ಟುಹೋದರೆ ಮಗುವಿಗೆ ಏನಾಗುತ್ತೆ ಅನ್ನೋದು ಬೌಲ್ಬಿಗೆ ಚೆನ್ನಾಗಿ ಗೊತ್ತಿತ್ತು.

ಅವರ ಕೊನೆಯ ಪುಸ್ತಕ ಚಾರ್ಲ್ಸ್ ಡಾರ್ವಿನ್ ಜೀವನಚರಿತ್ರೆ. ಡಾರ್ವಿನ್‌ಗೆ ಎಂಟು ವರ್ಷವಿದ್ದಾಗ ಅಮ್ಮ ತೀರಿಕೊಂಡರು, ಮನೆಯಲ್ಲಿ ಯಾರೂ ಆ ಬಗ್ಗೆ ಮಾತಾಡಲಿಲ್ಲ. ಮುಂದೆ ಜೀವನವಿಡೀ ಕಾಡಿದ ಕಾಯಿಲೆಗೆ ಆ ಮೌನದ ನಂಟಿದೆ ಅನ್ನೋದು ಬೌಲ್ಬಿಯ ವಾದ. ಪುಸ್ತಕ ಬಂದ 1990ರಲ್ಲೇ, ಸೆಪ್ಟೆಂಬರ್ 2ರಂದು, ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಬೌಲ್ಬಿ ತೀರಿಕೊಂಡರು. 83 ವರ್ಷವಾಗಿತ್ತು.

ಇನ್ನು ಮುಂದೆ ಯಾರಾದರೂ ಬೌಲ್ಬಿ ಹೆಸರು ಹೇಳಿ ದುಡಿಯೋ ತಾಯಿಗೆ ಬುದ್ಧಿ ಹೇಳಿದರೆ, 1951ರ ವರದಿಯ ಉಳಿದರ್ಧವನ್ನು ನೆನಪಿಸಿ. ಅದರಲ್ಲಿ ಬುದ್ಧಿ ಹೇಳಿರೋದು ಸರ್ಕಾರಗಳಿಗೆ.