ಸಹಿ ಹಾಕಿದ ಕ್ರಾಂತಿಕಾರಿ

ನಮ್ಮ ಸಂವಿಧಾನದ ರಾಜ್ಯನೀತಿ ನಿರ್ದೇಶಕ ತತ್ವಗಳಿಗೆ ಐರ್ಲೆಂಡಿನ ಸಂವಿಧಾನ ಮಾದರಿ ಅಂತ ಹೈಸ್ಕೂಲಲ್ಲಿ ಎಲ್ರೂ ಓದಿರ್ತೀವಿ. 1937ರ ಆ ಸಂವಿಧಾನ ರೂಪಿಸಿದ ನಾಯಕ ಎಮನ್ ಡಿ ವಲೇರಾ. ಮೊದಲು ಅವರು ಗಣಿತದ ಮೇಷ್ಟ್ರು!

1882ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿ, ಐರ್ಲೆಂಡಿನ ಅಜ್ಜಿ ಮನೆಯಲ್ಲಿ ಬೆಳೆದರು. 1916ರಲ್ಲಿ ಬ್ರಿಟಿಷರ ವಿರುದ್ಧ ಡಬ್ಲಿನ್‌ನಲ್ಲಿ ನಡೆದ ಈಸ್ಟರ್ ದಂಗೆಯಲ್ಲಿ ಒಂದು ತುಕಡಿಯನ್ನು ಮುನ್ನಡೆಸಿದರು. ಮರಣದಂಡನೆ ವಿಧಿಸಿದ್ರು, ಆಮೇಲೆ ಅದು ಜೀವಾವಧಿ ಶಿಕ್ಷೆ ಆಯ್ತು. ಅದರಿಂದ ಬಿಡುಗಡೆಯಾಗಿ, ಮತ್ತೆ ಸೆರೆ ಸಿಕ್ಕಿ, 1919ರಲ್ಲಿ ಇಂಗ್ಲೆಂಡಿನ ಲಿಂಕನ್ ಜೈಲಿನಿಂದ ತಪ್ಪಿಸಿಕೊಂಡ್ರು. ಬೀಗದ ಕೈ ಒಳಗೆ ಬಂದಿದ್ದು ಕೇಕ್‌ನಲ್ಲಿ!

1921ರಲ್ಲಿ ಬ್ರಿಟನ್ ಜೊತೆ ಒಪ್ಪಂದ ಆಯ್ತು. ಸ್ವಂತ ಸರ್ಕಾರ ಸಿಕ್ತು, ಆದ್ರೆ ಸಂಸತ್ತಿಗೆ ಹೋಗುವವರು ಬ್ರಿಟಿಷ್ ರಾಜನ ಹೆಸರಿರುವ ಪ್ರಮಾಣ ಮಾಡ್ಬೇಕಿತ್ತು. ಡಿ ವಲೇರಾ ಒಪ್ಪಲಿಲ್ಲ. 1922–23ರ ಅಂತರ್ಯುದ್ಧದಲ್ಲಿ ನಿನ್ನೆವರೆಗಿನ ಗೆಳೆಯರೇ ಒಬ್ಬರಿಗೊಬ್ಬರು ಗುಂಡು ಹಾರಿಸಿದ್ರು. ಡಿ ವಲೇರಾ ಕಡೆಯವರು ಸೋತರು.

ಸೋತ ಮೇಲೂ ಅವರ ಪಕ್ಷ ಸಿನ್ ಫೇನ್ ಚುನಾವಣೆಗೆ ನಿಲ್ತಿತ್ತು, ಗೆದ್ದವರು ಮಾತ್ರ ಸಂಸತ್ತಿಗೆ ಹೋಗ್ತಿರಲಿಲ್ಲ. ಹೀಗೇ ಹೊರಗೆ ಕೂತರೆ ಏನೂ ಬದಲಾಗಲ್ಲ ಅಂತ ಡಿ ವಲೇರಾಗೆ ಅನಿಸ್ತು. 1926ರಲ್ಲಿ ಫಿಯಾನಾ ಫಾಯ್ಲ್ ಎಂಬ ಹೊಸ ಪಕ್ಷ ಕಟ್ಟಿದರು. ಮರುವರ್ಷ, ಪ್ರಮಾಣ ಮಾಡಲು ಒಪ್ಪದವರು ಚುನಾವಣೆಗೇ ನಿಲ್ಲದಂತೆ ಸರ್ಕಾರ ಕಾನೂನು ತರಲು ಹೊರಟಿತು. ಆಗ ಅವರು ಸಂಸತ್ತಿಗೆ ಹೋಗಿ, ಬೈಬಲ್ ಪಕ್ಕಕ್ಕೆ ಸರಿಸಿ, ಇದು ಬರೀ ಫಾರ್ಮಾಲಿಟಿ ಅಂತ ಹೇಳಿ ಪುಸ್ತಕದಲ್ಲಿ ಸಹಿ ಹಾಕಿದರು.

1932ರಲ್ಲಿ ಚುನಾವಣೆ ಗೆದ್ದರು. ಅಂತರ್ಯುದ್ಧ ಗೆದ್ದವರು ಸೋತವರ ಕೈಗೆ ಶಾಂತವಾಗಿ ಅಧಿಕಾರ ಕೊಟ್ಟರು. ಮರುವರ್ಷವೇ ಆ ಪ್ರಮಾಣ ರದ್ದಾಯ್ತು. ಬಂದೂಕಿನಿಂದ ಆಗದ್ದು ಒಂದು ಮಸೂದೆಯಿಂದ ಆಯ್ತು.

ಆದರೆ ಬಂದೂಕು ಕೆಳಗಿಡದ ಹಳೆಯ ಸಂಗಾತಿಗಳೂ ಇದ್ದರಲ್ಲ? 1936ರಲ್ಲಿ ಡಿ ವಲೇರಾ ಸರ್ಕಾರ ಐಆರ್‌ಎಯನ್ನು ನಿಷೇಧಿಸಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅದರ ಕೆಲವು ಸದಸ್ಯರನ್ನು ಮರಣದಂಡನೆಗೂ ಗುರಿಮಾಡಿತು. ತಾವೇ ಒಮ್ಮೆ ಆ ಶಿಕ್ಷೆಯಿಂದ ಪಾರಾಗಿದ್ದವರ ಸರ್ಕಾರ ಅದು.

ಮುಂದೆ ರಾಷ್ಟ್ರಪತಿಯೂ ಆಗಿ, 1975ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಚುನಾವಣೆಯ ದಾರಿ ಹಿಡಿದದ್ದು ದ್ರೋಹ ಅಂತ ನನಗೆ ಅನಿಸಲ್ಲ, ಅದರಿಂದಲೇ ಐರ್ಲೆಂಡಿನಲ್ಲಿ ಪ್ರಜಾಪ್ರಭುತ್ವ ಗಟ್ಟಿಯಾಯ್ತು. ಆದ್ರೆ ಒಂದು ಪ್ರಶ್ನೆ ಬಿಡಲ್ಲ. 1927ರಲ್ಲಿ ಹಾಕಬಹುದಾಗಿದ್ದ ಸಹಿಯನ್ನು 1922ರಲ್ಲೇ ಹಾಕಿದ್ದರೆ, ಆ ಯುದ್ಧದಲ್ಲಿ ಸತ್ತವರಲ್ಲಿ ಎಷ್ಟು ಜನ ಬದುಕ್ತಿದ್ರು?