ಜಾರ್ಜ್ ಬೂಲ್ ಮಹಾಶಯನ ಜೀವಿತ

1849ನೆಯ ಇಸವಿಯಲ್ಲಿ ಐರ್ಲೆಂಡಿನ ಕಾರ್ಕ್ ನಗರದಲ್ಲಿ ಕ್ವೀನ್ಸ್ ಕಾಲೇಜು ತೆರೆಯಲ್ಪಟ್ಟಾಗ, ಅಲ್ಲಿಗೆ ಗಣಿತಶಾಸ್ತ್ರದ ಪ್ರಥಮ ಪ್ರಾಧ್ಯಾಪಕನಾಗಿ ಬಂದವನು ಯಾವ ವಿಶ್ವವಿದ್ಯಾನಿಲಯದ ಮೆಟ್ಟಿಲನ್ನೂ ವಿದ್ಯಾರ್ಥಿಯಾಗಿ ಹತ್ತಿದವನಲ್ಲ. ಪದವಿಯ ಕಾಗದವನ್ನು ನೋಡಿಯೇ ಮನುಷ್ಯನ ಯೋಗ್ಯತೆಯನ್ನು ಅಳೆಯುವ ಅಭ್ಯಾಸವು ನಮ್ಮಲ್ಲಿ ಬೇರೂರಿರುವುದರಿಂದ ಜಾರ್ಜ್ ಬೂಲನ ಚರಿತ್ರೆಯನ್ನು ವಾಚಕರ ಮುಂದಿಡುವುದು ಅನುಚಿತವಾಗಲಾರದು. ಅದಕ್ಕಿಂತ ದೊಡ್ಡ ಕಾರಣವೂ ಒಂದುಂಟು. ತಿಳಿದಷ್ಟರಿಂದ ಎಷ್ಟನ್ನು ಹೇಳಬಹುದು, ಯಾವುದನ್ನು ಹೇಳಕೂಡದು ಎಂಬುದಕ್ಕೆ ಲೆಕ್ಕದ ವಿಧಿಯನ್ನು ಹುಡುಕಿದವನೀತನು.

ಈತನು 1815ನೆಯ ನವಂಬರ್ 2ರಂದು ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಜನಿಸಿದನು. ತಂದೆಯದು ಪಾದರಕ್ಷೆ ಮಾಡುವ ವೃತ್ತಿ; ಆದರೆ ಆತನ ಮನಸ್ಸೆಲ್ಲ ದೂರದರ್ಶಕ ಯಂತ್ರಗಳನ್ನು ಕಟ್ಟುವುದರಲ್ಲಿ. ಅಂಗಡಿ ಹೇಗೆ ನಡೆದೀತೆಂಬುದನ್ನು ವಾಚಕರೇ ಊಹಿಸಬಹುದು. ಬಾಲಕನು ಲ್ಯಾಟಿನ್ ಭಾಷೆಯನ್ನು ಪರಿಚಿತನಾದ ಪುಸ್ತಕ ವ್ಯಾಪಾರಿಯಿಂದಲೂ ಗ್ರೀಕನ್ನು ಸ್ವಪ್ರಯತ್ನದಿಂದಲೂ ಕಲಿತನು. ಹದಿನಾಲ್ಕನೆಯ ವಯಸ್ಸಿನಲ್ಲಿ ಆತನು ಮಾಡಿದ ಒಂದು ಗ್ರೀಕ್ ಪದ್ಯದ ಭಾಷಾಂತರವು ಊರಿನ ಪತ್ರಿಕೆಯಲ್ಲಿ ಅಚ್ಚಾದಾಗ, ಇದು ಹುಡುಗನ ಕೃತಿಯಾಗಿರಲಾರದೆಂದು ಒಬ್ಬ ಉಪಾಧ್ಯಾಯನು ತಕರಾರು ತೆಗೆದನು. ಹದಿನಾರಕ್ಕೆ ಮನೆಯ ಭಾರವೆಲ್ಲ ಹೆಗಲಿಗೆ ಬಿದ್ದು ಡಾಂಕಾಸ್ಟರ್ ಎಂಬಲ್ಲಿ ಸಹಾಯಕ ಉಪಾಧ್ಯಾಯನಾದನು; ಹತ್ತೊಂಬತ್ತಕ್ಕೆ ಲಿಂಕನ್ನಿನಲ್ಲಿ ಸ್ವಂತ ಶಾಲೆಯನ್ನು ತೆರೆದನು. ಗಣಿತ ಗ್ರಂಥಗಳು ಕೊಟ್ಟ ಕಾಸಿಗೆ ಹೆಚ್ಚು ದಿನ ಓದಿಗೆ ಒದಗುತ್ತವೆಂದು ಅವನ್ನೇ ಕೊಳ್ಳುತ್ತಿದ್ದನಂತೆ! ಹಗಲು ಮಕ್ಕಳಿಗೆ ಪಾಠ, ಉಳಿದ ವೇಳೆಯಲ್ಲಿ ಲಗ್ರಾಂಜ್, ಲಪ್ಲಾಸರ ಫ್ರೆಂಚ್ ಗ್ರಂಥಗಳು. 1844ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಈ ಶಾಲಾಮಾಸ್ತರನಿಗೆ ಪದಕವಿತ್ತು ಗೌರವಿಸಿತು.

ನಮ್ಮ ಮಧುರೆಯಲ್ಲಿ 1806ರಲ್ಲಿ ಹುಟ್ಟಿದ ಆಗಸ್ಟಸ್ ಡಿ ಮಾರ್ಗನ್ ಎಂಬ ಗಣಿತಜ್ಞನಿಗೂ ಎಡಿನ್‌ಬರೋದ ಸರ್ ವಿಲಿಯಂ ಹ್ಯಾಮಿಲ್ಟನ್ನನಿಗೂ ತರ್ಕಶಾಸ್ತ್ರದ ವಿಷಯವಾಗಿ ಜಗಳ ಹತ್ತಿತು. ಪಂಡಿತರ ಜಗಳಗಳಿಂದ ಲೋಕಕ್ಕೆ ಲಾಭವಾಗುವುದು ಅಪೂರ್ವ; ಇದರಿಂದ ಆಯಿತು. ಬೂಲನ ಚಿತ್ತವು ತರ್ಕದ ಕಡೆಗೆ ತಿರುಗಿ, 1847ರಲ್ಲಿ ಒಂದು ಸಣ್ಣ ಪುಸ್ತಕವೂ, 1854ರಲ್ಲಿ ಚಿಂತನೆಯ ನಿಯಮಗಳನ್ನು ಕುರಿತ ಮಹಾಗ್ರಂಥವೂ ಹೊರಟವು.

ಅದರ ತಿರುಳನ್ನು ನಮ್ಮೂರಿನ ದೃಷ್ಟಾಂತದಿಂದಲೇ ಹೇಳುವೆವು. ಒಂದು ಗ್ರಾಮದಲ್ಲಿ 100 ಮನೆಗಳಿವೆ. ಬಾವಿಯುಳ್ಳ ಮನೆಗಳ ಗಣಕ್ಕೆ 'ಬ' ಎಂದೂ ಹಸುವುಳ್ಳ ಮನೆಗಳ ಗಣಕ್ಕೆ 'ಹ' ಎಂದೂ ಹೆಸರಿಡೋಣ. ಎರಡೂ ಇರುವ ಮನೆಗಳೇ 'ಬಹ'. ಸಮಸ್ತ ಗ್ರಾಮಕ್ಕೆ 1, ಏನೂ ಇಲ್ಲದ ಗಣಕ್ಕೆ 0 ಎಂಬ ಗುರುತು. ಆದ ಕಾರಣ ಬಾವಿಯಿಲ್ಲದ ಮನೆಗಳು '1 − ಬ'. ಬಾವಿಯುಳ್ಳ ಮನೆಗಳಲ್ಲಿ ಬಾವಿಯುಳ್ಳವನ್ನು ಆರಿಸಿದರೆ ಮೊದಲಿನ ಗಣವೇ ಬರುವುದು, ಎಂದರೆ 'ಬಬ' ಎಂಬುದು 'ಬ'ವೇ. ಸಾಮಾನ್ಯ ಅಂಕಗಣಿತದಲ್ಲಿ ಈ ಗುಣವಿರುವ ಸಂಖ್ಯೆಗಳು 0 ಮತ್ತು 1 ಎರಡೇ. ಈ ಸಣ್ಣ ಸಂಗತಿಯ ಮೇಲೆ ಬೂಲನು ತನ್ನ ಬೀಜಗಣಿತವನ್ನೆಲ್ಲ ಕಟ್ಟಿದನು.

ಈಗ ಬಾವಿಯುಳ್ಳ ಮನೆ 40, ಹಸುವುಳ್ಳ ಮನೆ 30 ಎನ್ನೋಣ. ಎರಡರಲ್ಲಿ ಒಂದಾದರೂ ಇರುವ ಮನೆಗಳೆಷ್ಟು? 70 ಎಂದು ಬರೆದು ವರದಿ ಕಳುಹಿಸುವ ಅಧಿಕಾರಿಗಳು ಉಂಟು. ಎರಡೂ ಇರುವ ಮನೆ 20 ಆಗಿದ್ದರೆ ಅವನ್ನು ಎರಡು ಬಾರಿ ಎಣಿಸಿದಂತಾಯಿತು. ಒಂದನ್ನೊಂದು ಮುಟ್ಟದ ಗಣಗಳನ್ನಲ್ಲದೆ ಬೂಲನು ಕೂಡಿಸನು. ಬಾವಿಯ ಮನೆ 40ಕ್ಕೆ, ಬಾವಿಯಿಲ್ಲದೆ ಹಸುವಿರುವ 10 ಮನೆಗಳನ್ನು ಸೇರಿಸಿದರೆ 50. ಅದೇ ಸರಿಯಾದ ಲೆಕ್ಕ.

ಘಟನೆಗಳ ಸಂಭವನೀಯತೆಗೂ ಇದೇ ವಿಧಿ. ಚೀಟಿಯೆತ್ತಿ ಒಂದು ಮನೆಯನ್ನಾರಿಸಿದರೆ ಅಲ್ಲಿ ಬಾವಿಯಿರುವ ಸಂಭವ ನೂರಕ್ಕೆ 40, ಇಲ್ಲದಿರುವ ಸಂಭವ 60, ಬಾವಿಯೋ ಹಸುವೋ ಇರುವ ಸಂಭವ 50. ಎರಡೂ ಇರುವ ಸಂಭವವನ್ನು ತಿಳಿಯಲು 40 ಮತ್ತು 30ನ್ನು ಗುಣಿಸಿ ನೂರಕ್ಕೆ 12 ಎನ್ನುವುದು ಸುಲಭ. ಆದರೆ ಇರುವುದು 20. ಗುಣಾಕಾರವು ಸಲ್ಲಬೇಕಾದರೆ ಒಂದು ಘಟನೆಗೂ ಮತ್ತೊಂದಕ್ಕೂ ಸಂಬಂಧವಿರಕೂಡದು. ಇಲ್ಲಿಯಾದರೋ ಬಾವಿಯುಳ್ಳವರಲ್ಲಿ ಅರ್ಧ ಜನ ಹಸುವನ್ನು ಸಾಕಿದ್ದಾರೆ, ಬಾವಿಯಿಲ್ಲದ ಅರವತ್ತರಲ್ಲಿ ಹತ್ತೇ ಮನೆಯವರು.

ಎರಡೂ ಇರುವ ಮನೆಗಳ ಸಂಖ್ಯೆಯೇ ತಿಳಿಯದಿದ್ದರೆ? ಊಹೆಯ ಅಂಕಿಯನ್ನು ತುಂಬಬೇಡ, ಎಲ್ಲೆಯನ್ನು ಹೇಳು ಎಂಬುದು ಬೂಲನ ಮಾರ್ಗ. ಒಂದಾದರೂ ಇರುವ ಮನೆಗಳು 40ಕ್ಕೆ ಕಡಿಮೆಯಿರಲಾರವು, 70ನ್ನು ಮೀರಲಾರವು. ಮೊತ್ತವನ್ನು ಮೀರಲಾರದೆಂಬ ಈ ನಿಯಮಕ್ಕೆ ಗಣಿತಜ್ಞರು ಇಂದಿಗೂ ಆತನ ಹೆಸರಿಟ್ಟು ಕರೆಯುತ್ತಾರೆ. ನ್ಯಾಯಸ್ಥಾನಗಳ ತೀರ್ಪುಗಳ ವಿಷಯದಲ್ಲಿಯೂ ಆತನು ಇದೇ ಬಿಗಿಯನ್ನು ತೋರಿದನು. ತೀರ್ಪುಗಳ ದಾಖಲೆಯನ್ನು ಮಾತ್ರ ನೋಡಿ, ಪ್ರತಿಯೊಬ್ಬ ನ್ಯಾಯಾಧಿಪತಿಯು ಎಷ್ಟು ಬಾರಿ ಸತ್ಯವನ್ನು ಮುಟ್ಟಿದನೆಂದು ನಿರ್ಣಯಿಸಲಾಗದೆಂಬುದು ಆತನ ಸಿದ್ಧಾಂತ. ಪ್ರಖ್ಯಾತ ಫ್ರೆಂಚ್ ಗಣಿತಜ್ಞರು ಅಂಥ ನಿರ್ಣಯಕ್ಕೆ ಕೈಹಾಕಿದ್ದ ಕಾಲದಲ್ಲಿ ಇಷ್ಟು ಹೇಳುವುದಕ್ಕೆ ಧೈರ್ಯ ಬೇಕಾಗಿದ್ದಿತು.

ಆದರೂ ಆತನ ಸ್ವಂತ ಪದ್ಧತಿಯಲ್ಲೇ ಪರಸ್ಪರ ಸಂಬಂಧವಿಲ್ಲವೆಂಬ ಊಹೆಯೊಂದು ಹಿಂಬಾಗಿಲಿನಿಂದ ನುಸುಳಿದೆಯೆಂದು ಹೆನ್ರಿ ವಿಲ್ಬ್ರಹಾಮನು 1854ರಲ್ಲಿಯೇ ಎತ್ತಿ ತೋರಿಸಿದನು. ಬೂಲನು ಒಪ್ಪಲಿಲ್ಲ. ಆಕ್ಷೇಪಿಸಿದವನ ಮಾತೇ ಸರಿಯೆಂಬುದು ನಮ್ಮ ಮತ.

1937ರಲ್ಲಿ ಅಮೆರಿಕದ ಕ್ಲಾಡ್ ಶ್ಯಾನನ್ ಎಂಬ ತರುಣನು ಇದೇ ಬೀಜಗಣಿತವನ್ನು ವಿದ್ಯುತ್ ಸ್ವಿಚ್ಚುಗಳಿಗೆ ಅನ್ವಯಿಸಿದನು. ಇಂದಿನ ಗಣಕಯಂತ್ರಗಳೆಲ್ಲ ಆ 0 ಮತ್ತು 1ರ ಮೇಲೆಯೇ ನಡೆಯುತ್ತಿವೆ.

1855ರಲ್ಲಿ ಬೂಲನು ಮೇರಿ ಎವರೆಸ್ಟಳನ್ನು ವಿವಾಹವಾದನು. ಭಾರತದ ಭೂಮಾಪನೆಯನ್ನು ನಡೆಸಿದ, ಮಹಾಶಿಖರಕ್ಕೆ ಯಾರ ಹೆಸರಿಟ್ಟರೋ ಆ ಜಾರ್ಜ್ ಎವರೆಸ್ಟನ ತಮ್ಮನ ಮಗಳು ಈಕೆ. ಐವರು ಹೆಣ್ಣುಮಕ್ಕಳಾದರು. 1864ನೆಯ ನವಂಬರಿನಲ್ಲಿ ಒಂದು ದಿನ ಬೂಲನು ಮನೆಯಿಂದ ಕಾಲೇಜಿಗೆ ಮಳೆಯಲ್ಲಿಯೇ ನಡೆದು, ತೊಯ್ದ ಬಟ್ಟೆಯಲ್ಲಿಯೇ ಪಾಠ ಹೇಳಿ ಜ್ವರಕ್ಕೆ ಗುರಿಯಾದನು. ಕಾರಣವೇ ಔಷಧವೆಂದು ನಂಬಿದ ಪತ್ನಿಯು ಆತನಿಗೆ ಒದ್ದೆಯ ಹೊದಿಕೆ ಸುತ್ತಿದಳೆಂಬ ಕಥೆಯೊಂದು ಪ್ರಚಾರದಲ್ಲಿದೆ. ಸಾಕ್ಷ್ಯವನ್ನು ತೂಗಿ ನೋಡಲು ಕಲಿಸಿದವನ ಚರಿತ್ರೆಯಲ್ಲಿ ಈ ಕಥೆಯನ್ನೂ ತೂಗಿಯೇ ಒಪ್ಪಬೇಕು. ಶ್ವಾಸಕೋಶದ ರೋಗದಿಂದ ಡಿಸೆಂಬರ್ 8ರಂದು ಮರಣ ಹೊಂದಿದನೆಂಬುದು ಮಾತ್ರ ನಿಶ್ಚಯ. ವಯಸ್ಸು 49. ಕಿರಿಯ ಮಗಳು ಆಗ ಏಳು ತಿಂಗಳ ಕೂಸು. ತರ್ಕವನ್ನು ಕುರಿತು ಬರೆಯಬೇಕೆಂದಿದ್ದ ಮತ್ತೊಂದು ಗ್ರಂಥವು ಅಪೂರ್ಣವಾಗಿಯೇ ಉಳಿದು, ಅದರ ಹಸ್ತಪ್ರತಿಗಳು ರಾಯಲ್ ಸೊಸೈಟಿಯ ವಶಕ್ಕೆ ಹೋದವು.