ಯುದ್ಧರಂಗದಿಂದ ಬಂದ ಕಪ್ಪುಕುಳಿಯ ಲೆಕ್ಕ

2019ರ ಏಪ್ರಿಲ್ 10ರಂದು ಬಿಡುಗಡೆಯಾದ ಆ ಚಿತ್ರ ಓದುಗರಿಗೆ ನೆನಪಿರಬಹುದು. ಕಿತ್ತಳೆ ಬಣ್ಣದ ಒಂದು ಉಂಗುರ, ನಡುವೆ ಕತ್ತಲು. 5.5 ಕೋಟಿ ಜ್ಯೋತಿರ್ವರ್ಷ ದೂರದ ಎಂ-87 ಎಂಬ ಗ್ಯಾಲಕ್ಸಿಯ ನಡುವೆ ಕುಳಿತಿರುವ ಕಪ್ಪುಕುಳಿಯ ಚಿತ್ರ ಅದು. ಸುಮಾರು 650 ಕೋಟಿ ಸೂರ್ಯರ ತೂಕ ಅದಕ್ಕಿದೆಯಂತೆ. ಇಂಥದ್ದೊಂದಕ್ಕೆ ಆಧಾರವಾದ ಗಣಿತವನ್ನು ಮೊದಲು ಬರೆದವರು ಸೈನಿಕನ ಸಮವಸ್ತ್ರದಲ್ಲಿದ್ದರು. ಅವರೇ ಜರ್ಮನಿಯ ಕಾರ್ಲ್ ಶ್ವಾರ್ಜ್‌ಶಿಲ್ಡ್. ಈ ಮನೆತನದ ಹೆಸರಿಗೆ ಜರ್ಮನ್ ಭಾಷೆಯಲ್ಲಿ ಕಪ್ಪು ಗುರಾಣಿ ಎಂದು ಅರ್ಥ. ಕಾಕತಾಳೀಯವೇ ಇರಬೇಕು.

ಹುಟ್ಟಿದ್ದು 1873ರ ಅಕ್ಟೋಬರ್ 9ರಂದು, ಫ್ರಾಂಕ್‌ಫರ್ಟ್ ನಗರದ ಅನುಕೂಲಸ್ಥ ಯಹೂದಿ ವ್ಯಾಪಾರಿ ಕುಟುಂಬದಲ್ಲಿ. ಆರು ಮಕ್ಕಳಲ್ಲಿ ಹಿರಿಯವರು. ಕೈಖರ್ಚಿನ ಕಾಸು ಉಳಿಸಿ ಮಸೂರ ಕೊಂಡು ದೂರದರ್ಶಕ ಕಟ್ಟಿದ ಹುಡುಗ. ಜೋಡಿ ನಕ್ಷತ್ರಗಳು ಒಂದನ್ನೊಂದು ಸುತ್ತುವ ಬಗೆಯ ಕುರಿತು ಅವರ ಲೇಖನ ವಿದ್ವತ್ಪತ್ರಿಕೆಯಲ್ಲಿ ಅಚ್ಚಾದಾಗ ಇನ್ನೂ ಶಾಲೆಯಲ್ಲಿದ್ದರು, ವಯಸ್ಸು 16.

ಸ್ಟ್ರಾಸ್‌ಬರ್ಗ್, ಮ್ಯೂನಿಕ್‌ಗಳಲ್ಲಿ ಓದಿ 1896ರಲ್ಲಿ ಡಾಕ್ಟರೇಟ್ ಪಡೆದರು. ನಂತರ ವಿಯೆನ್ನಾದ ವೀಕ್ಷಣಾಲಯದಲ್ಲಿ ಮಾಡಿದ ಕೆಲಸವನ್ನು ಇಂದು ಯಾರೂ ಹೆಚ್ಚು ನೆನೆಯುವುದಿಲ್ಲ. ಅಲ್ಲಿಯತನಕ ನಕ್ಷತ್ರದ ಹೊಳಪನ್ನು ಬಹುಮಟ್ಟಿಗೆ ಕಣ್ಣಂದಾಜಿನಲ್ಲೇ ಅಳೆಯುತ್ತಿದ್ದರು. ಇವರು ಫೋಟೋ ಪ್ಲೇಟಿನ ಮೇಲೆ ಬಿದ್ದ ಕಪ್ಪಿನಿಂದ ಹೊಳಪನ್ನು ಲೆಕ್ಕಹಾಕುವ ಕ್ರಮ ತಂದರು. 1901ರಲ್ಲಿ ಗಾಟಿಂಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು, 1909ರಲ್ಲಿ ಪಾಟ್ಸ್‌ಡ್ಯಾಮ್‌ನ ಖಭೌತ ವೀಕ್ಷಣಾಲಯದ ನಿರ್ದೇಶಕರಾದರು. ಎಲ್ಸೆ ರೋಸನ್‌ಬಾಖ್ ಜೊತೆ ಮದುವೆಯಾದದ್ದೂ ಅದೇ ವರ್ಷ. ಮೂವರು ಮಕ್ಕಳು.

1914ರಲ್ಲಿ ಮಹಾಯುದ್ಧ ಶುರುವಾಯಿತು. 40 ದಾಟಿದ ಮನುಷ್ಯ, ದೊಡ್ಡ ಹುದ್ದೆ, ಸಣ್ಣ ಮಕ್ಕಳು. ಆದರೂ ತಾವಾಗಿಯೇ ಸೈನ್ಯ ಸೇರಿದರು. ಯಹೂದಿಗಳ ದೇಶನಿಷ್ಠೆಯನ್ನು ಅನುಮಾನದಿಂದ ನೋಡುತ್ತಿದ್ದ ಕಾಲವದು ಎಂಬುದನ್ನು ಮರೆಯಬಾರದು. ಬೆಲ್ಜಿಯಂನಲ್ಲಿ ಹವಾಮಾನ ನೋಡುವ ಕೆಲಸ ಸಿಕ್ಕಿತು. ಆಮೇಲೆ ಫಿರಂಗಿ ಗುಂಡು ಎಷ್ಟು ದೂರ ಹೋಗಿ ಎಲ್ಲಿ ಬೀಳುತ್ತದೆಂಬ ಲೆಕ್ಕ.

1915ರ ನವೆಂಬರ್‌ನಲ್ಲಿ ಐನ್‌ಸ್ಟೈನ್ ಬರ್ಲಿನ್‌ನಲ್ಲಿ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಮಂಡಿಸಿದರು. ಅದರ ಸಮೀಕರಣ ಎಷ್ಟು ಜಟಿಲವೆಂದರೆ ಸ್ವತಃ ಐನ್‌ಸ್ಟೈನ್ ಅವರೇ ಬುಧ ಗ್ರಹದ ಚಲನೆಯನ್ನು ಅಂದಾಜು ಲೆಕ್ಕದಲ್ಲಷ್ಟೇ ಬಿಡಿಸಿದ್ದರು. ಯುದ್ಧರಂಗದಲ್ಲಿ ಆ ಲೇಖನ ಓದಿದ ಶ್ವಾರ್ಜ್‌ಶಿಲ್ಡ್ ಕೆಲವೇ ವಾರಗಳಲ್ಲಿ ಕರಾರುವಾಕ್ಕಾದ ಉತ್ತರ ಕಂಡುಹಿಡಿದು ಡಿಸೆಂಬರ್ 22ರಂದು ಐನ್‌ಸ್ಟೈನ್‌ರಿಗೆ ಪತ್ರ ಬರೆದರು. 1916ರ ಜನವರಿಯಲ್ಲಿ ಐನ್‌ಸ್ಟೈನ್ ಅದನ್ನು ಪ್ರಷ್ಯನ್ ಅಕಾಡೆಮಿಯ ಮುಂದಿಟ್ಟರು. ನಾನು ಬಿ.ಎ. ಓದಿದವನು, ಆ ಗಣಿತ ನನಗೆ ನಿಲುಕದು. ಸಾರ ಮಾತ್ರ ಹೇಳಬಲ್ಲೆ. ಯಾವುದೇ ವಸ್ತುವನ್ನು ಒಂದು ಮಿತಿಗಿಂತ ಚಿಕ್ಕದಾಗಿ ಅದುಮಿದರೆ ಅದರಿಂದ ಬೆಳಕೂ ಹೊರಬರಲಾರದು. ಸೂರ್ಯನಿಗೆ ಆ ಮಿತಿಯ ತ್ರಿಜ್ಯ ಸುಮಾರು 3 ಕಿಲೋಮೀಟರ್. ನಮ್ಮ ಭೂಮಿಗೆ 9 ಮಿಲಿಮೀಟರ್. ಅಂದರೆ ಬೆಟ್ಟ, ಸಮುದ್ರ, ಊರುಕೇರಿ ಎಲ್ಲ ಸೇರಿ ಮಕ್ಕಳು ಆಡುವ ಒಂದು ಗೋಲಿಯಷ್ಟಾಗಬೇಕು! ಇದಕ್ಕೆ ಶ್ವಾರ್ಜ್‌ಶಿಲ್ಡ್ ತ್ರಿಜ್ಯ ಎಂದೇ ಹೆಸರು.

ಕಪ್ಪುಕುಳಿಯನ್ನು ಅವರೇ ಕಂಡುಹಿಡಿದರು ಎಂದು ಕೆಲವೆಡೆ ಬರೆಯುವುದುಂಟು. ಅದು ಅಷ್ಟು ಸರಿಯಲ್ಲ. ಅವರ ಲೆಕ್ಕದಲ್ಲಿ ಅದು ಅಡಗಿತ್ತು ಎನ್ನಬಹುದು, ಅಷ್ಟೇ. ಅಂಥ ವಸ್ತು ಇರಲಾರದೆಂದು 1939ರಲ್ಲೂ ಐನ್‌ಸ್ಟೈನ್ ವಾದಿಸಿದ್ದರು. ಕಪ್ಪುಕುಳಿ ಎಂಬ ಅರ್ಥದ ಇಂಗ್ಲಿಷ್ ಹೆಸರು ಜನಪ್ರಿಯವಾದದ್ದು 1967ರ ನಂತರ.

ಇನ್ನೊಂದು ಸಂಗತಿ. ಶ್ವಾರ್ಜ್‌ಶಿಲ್ಡ್ ತೀರಿಕೊಂಡ ಎರಡೇ ವರ್ಷಕ್ಕೆ, 1918ರಲ್ಲಿ, ಅಮೆರಿಕದ ಹೀಬರ್ ಕರ್ಟಿಸ್ ಅದೇ ಎಂ-87ರ ನಡುವಿನಿಂದ ನೆಟ್ಟಗೆ ಹೊರಟ ಬೆಳಕಿನ ಗೆರೆಯೊಂದನ್ನು ಗುರುತಿಸಿದ್ದರು. ಏನೆಂದು ಆಗ ಯಾರಿಗೂ ತಿಳಿಯಲಿಲ್ಲ. ಇಂದು ಅದನ್ನು ಜೆಟ್ ಎನ್ನುತ್ತಾರೆ. ಕುಳಿಯತ್ತ ಸುತ್ತುತ್ತ ಬರುವ ಅನಿಲದ ಒಂದು ಪಾಲು ಒಳಗೆ ಬೀಳದೆ, ಕಾಂತಕ್ಷೇತ್ರಕ್ಕೆ ಸಿಕ್ಕಿ, ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ಸಾವಿರಾರು ಜ್ಯೋತಿರ್ವರ್ಷ ದೂರ ಚಿಮ್ಮುತ್ತದೆ. ಆದರೆ ಶ್ವಾರ್ಜ್‌ಶಿಲ್ಡ್ ಲೆಕ್ಕ ತಿರುಗದ ವಸ್ತುವಿನದು. ತಿರುಗುವ ಕುಳಿಯ ಲೆಕ್ಕ ಬಿಡಿಸಿದವರು ನ್ಯೂಜಿಲೆಂಡಿನ ರಾಯ್ ಕೆರ್, 1963ರಲ್ಲಿ. ಆ ತಿರುಗಾಟದ ಶಕ್ತಿಯೇ ಜೆಟ್ಟಿಗೆ ಬಲ ಕೊಡಬಲ್ಲದೆಂದು 1977ರಲ್ಲಿ ಬ್ಲಾಂಡ್‌ಫರ್ಡ್ ಮತ್ತು ಜ್ನಾಯೆಕ್ ತೋರಿಸಿದರು. ಕುಳಿಯ ನೆರಳು, ಜೆಟ್ಟಿನ ಬುಡ ಎರಡೂ ಒಟ್ಟಿಗೆ ಕಾಣುವ ಚಿತ್ರ 2023ರಲ್ಲಿ ಪ್ರಕಟವಾಯಿತು.

ಈ ಕಥೆಯಲ್ಲಿ ಕನ್ನಡದವರೊಬ್ಬರಿದ್ದಾರೆ. ಸಾಹಿತಿ ಸಿ.ಕೆ. ವೆಂಕಟರಾಮಯ್ಯನವರ ಮಗ, ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. ಶ್ವಾರ್ಜ್‌ಶಿಲ್ಡ್ ಕುಳಿಯನ್ನು ಅಲುಗಾಡಿಸಿದರೆ ಅದು ಒಡೆಯದೆ, ಬಾರಿಸಿದ ಗಂಟೆಯಂತೆ ಮೊಳಗಿ ತಣ್ಣಗಾಗುತ್ತದೆ ಎಂದು 1970ರಲ್ಲಿ ಲೆಕ್ಕದಿಂದ ತೋರಿಸಿದವರು ಅವರು. 2015ರ ಸೆಪ್ಟೆಂಬರ್ 14ರಂದು ಗುರುತ್ವ ಅಲೆ ಮೊದಲ ಬಾರಿ ಸಿಕ್ಕಾಗ ಅದರ ಕೊನೆಯಲ್ಲಿದ್ದದ್ದು ಅಂಥದೇ ಮೊಳಗು. ಅದನ್ನು ಕಾಣುವ ಭಾಗ್ಯ ವಿಶ್ವೇಶ್ವರ ಅವರಿಗಿತ್ತು, ಅವರು ತೀರಿಕೊಂಡದ್ದು 2017ರಲ್ಲಿ.

ಶ್ವಾರ್ಜ್‌ಶಿಲ್ಡ್‌ಗೆ ಅಂಥ ಭಾಗ್ಯವಿರಲಿಲ್ಲ. ಯುದ್ಧರಂಗದಲ್ಲೇ ಪೆಂಫಿಗಸ್ ಎಂಬ ಚರ್ಮರೋಗ ಹಿಡಿಯಿತು. ಮೈತುಂಬ ಗುಳ್ಳೆಯೆದ್ದು ಒಡೆಯುವ ಕಾಯಿಲೆ, ಆಗ ಔಷಧವಿರಲಿಲ್ಲ. 1916ರ ಮಾರ್ಚ್‌ನಲ್ಲಿ ಮನೆಗೆ ಕಳಿಸಿದರು. ಮೇ 11ರಂದು ತೀರಿಕೊಂಡರು, ವಯಸ್ಸು 42. ಗಾಟಿಂಗನ್‌ನಲ್ಲಿ ಮಣ್ಣು ಮಾಡಿದರು.

ಮಗ ಮಾರ್ಟಿನ್‌ಗೆ ಆಗ ನಾಲ್ಕು ತುಂಬಿರಲಿಲ್ಲ. ಅವರೂ ಖಭೌತ ವಿಜ್ಞಾನಿಯಾದರು. ಯಾವ ದೇಶಕ್ಕಾಗಿ ತಂದೆ ಹೋರಾಡಿದ್ದರೋ ಅದೇ ದೇಶದಲ್ಲಿ ಹಿಟ್ಲರ್ ಬಂದ ಮೇಲೆ ಯಹೂದಿ ಮೂಲದವರಿಗೆ ಜಾಗವಿರಲಿಲ್ಲ. ಮಾರ್ಟಿನ್ ನಾರ್ವೆಗೆ, ಅಲ್ಲಿಂದ ಅಮೆರಿಕಕ್ಕೆ ಹೋದರು. ಮಗಳು ಅಗಾಥೆ ನ್ಯೂಜಿಲೆಂಡಿನಲ್ಲಿ ಪ್ರಾಧ್ಯಾಪಕಿಯಾದರು. ಜರ್ಮನಿಯಲ್ಲೇ ಉಳಿದ ಕಿರಿಯ ಮಗ ಆಲ್ಫ್ರೆಡ್ ನಾತ್ಸಿಗಳ ಕಾಲದಲ್ಲಿ ಪ್ರಾಣ ಕಳೆದುಕೊಂಡರು. ಎರಡನೆಯ ಮಹಾಯುದ್ಧದಲ್ಲಿ ಮಾರ್ಟಿನ್ ಕೂಡ ತಂದೆಯಂತೆಯೇ ತಾವಾಗಿ ಸೈನ್ಯ ಸೇರಿದರು. ಈ ಸಲ ಅಮೆರಿಕದ ಸಮವಸ್ತ್ರದಲ್ಲಿ, ಜರ್ಮನಿಯ ವಿರುದ್ಧ.